ಹೆಪ್ಪುಗಟ್ಟುವ ನೆತ್ತರು, ನಿಲ್ಲದ ಬಸಿರು

ಎರಡು ಮೂರು ಬಾರಿ ಗರ್ಭಪಾತವಾದ ಹೆಣ್ಣನ್ನು ನಮ್ಮ ಮನೆಗಳಲ್ಲಿ ಇಂದಿಗೂ ವಿಚಾರಣೆಗೆ ನಿಲ್ಲಿಸುತ್ತಾರೆ. ಪರಂಗಿ ಹಣ್ಣು ತಿಂದೆಯಾ? ಗ್ರಹಣದ ಹೊತ್ತು ಹೊರಗೆ ಬಂದೆಯಾ? ತವರಿನಲ್ಲಿ ನಾಗದೋಷವಿದೆಯಾ? ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಾರಣಗಳು ಹಲವಿವೆ, ಭ್ರೂಣದ ಕ್ರೋಮೋಸೋಮುಗಳ ಎಣಿಕೆ ತಪ್ಪುವುದು ತೀರ ಸಾಮಾನ್ಯ. ಆದರೆ ಔಷಧಕ್ಕೆ ಬಗ್ಗುವ ಕಾರಣವೊಂದಿದೆ: ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಅಂದರೆ ಮೈಯ ರಕ್ಷಣಾ ವ್ಯವಸ್ಥೆಯೇ ಗುರಿ ತಪ್ಪಿ ರಕ್ತವನ್ನು ಹೆಪ್ಪುಗಟ್ಟಿಸುವ ಕಾಯಿಲೆ.

ಹಾಲಿಗೆ ಹೆಪ್ಪು ಹೊರಗಿನಿಂದ ಬರಬೇಕು. ರಕ್ತದ ಹೆಪ್ಪು ರಕ್ತದಲ್ಲೇ ಇದೆ. ಹತ್ತಾರು ಪ್ರೋಟೀನುಗಳು ಒಂದನ್ನೊಂದು ಎಬ್ಬಿಸುತ್ತ ಹೋಗುತ್ತವೆ. ಅವು ಕೂರಲು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಗಲಿ ಬೇಕು. ಪ್ರಯೋಗಾಲಯದಲ್ಲಿ 37 ಡಿಗ್ರಿ ಬಿಸುಪಿನ ಪ್ಲಾಸ್ಮಾಕ್ಕೆ, ಅಂದರೆ ರಕ್ತಕಣ ತೆಗೆದ ತಿಳಿ ದ್ರವಕ್ಕೆ, ಈ ಕೊಬ್ಬನ್ನೂ ಕ್ಯಾಲ್ಸಿಯಮ್ಮನ್ನೂ ಬೆರೆಸಿ, ಎಷ್ಟು ಸೆಕೆಂಡಿಗೆ ಗಟ್ಟಿಯಾಗುತ್ತದೆಂದು ನೋಡುತ್ತಾರೆ. ಈ ಕಾಯಿಲೆಯವಳ ಪ್ಲಾಸ್ಮಾ ಹಲವು ಸಲ ತಡಮಾಡುತ್ತದೆ, ಏಕೆಂದರೆ ಅವಳ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡಲೆಂದು ಮೈ ತಯಾರಿಸುವ ಪ್ರೋಟೀನುಗಳು, ಮೊದಲೇ ಬಂದು ಜಗಲಿ ಹಿಡಿದು ಕೂತಿರುತ್ತವೆ. ಸಂತೆಗೆ ಬಂದವರಿಗೆ ಕಟ್ಟೆ ಸಿಗದಿದ್ದರೆ ವ್ಯಾಪಾರ ಹೇಗೆ ನಡೆದೀತು? ಇವಳಿಗೆ ರಕ್ತಸ್ರಾವದ ಭಯವಿದೆ ಎಂದೇ ಯಾರಾದರೂ ಎಣಿಸಿಯಾರು. ಮೈಯೊಳಗೆ ನಡೆಯುವುದು ತದ್ವಿರುದ್ಧ! ಅವೇ ಪ್ರತಿಕಾಯಗಳು ರಕ್ತನಾಳದ ಒಳಗೋಡೆಯನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆಣಕಿ ಹೆಪ್ಪುಗಟ್ಟಿಸುತ್ತವೆ. ಬಸಿರಿನ ಮಗುವಿಗೆ ಆಹಾರ ಒದಗಿಸುವ ಮಾಸಿನಲ್ಲಂತೂ ಬೆಳೆಯುವ ಜೀವಕೋಶಗಳನ್ನೇ ಕಾಡುತ್ತವೆ.

ಇದರ ಸುಳಿವು ಸಿಕ್ಕಿದ್ದು ಲೈಂಗಿಕ ರೋಗವಾದ ಸಿಫಿಲಿಸ್‌ನ ಪರೀಕ್ಷೆಯಲ್ಲಿ. ಆ ಪರೀಕ್ಷೆಗೆ ಬೇಕಾದ ಕಾರ್ಡಿಯೋಲಿಪಿನ್ ಎಂಬ ಫಾಸ್ಫೋಲಿಪಿಡ್ ಕೊಬ್ಬನ್ನು 1941ರಲ್ಲಿ ಅಮೆರಿಕದ ವಿಜ್ಞಾನಿ ಮೇರಿ ಪ್ಯಾಂಗ್‌ಬಾರ್ನ್ ಎತ್ತಿನ ಹೃದಯದಿಂದ ಬೇರ್ಪಡಿಸಿದರು. ಸಿಫಿಲಿಸ್ ಇಲ್ಲದ ಕೆಲವರ ರಕ್ತವೂ ಆ ಕೊಬ್ಬನ್ನು ಹಿಡಿಯುತ್ತಿತ್ತು. ಅಂಥ ಫಲಿತಾಂಶ ಹೊತ್ತು ಮನೆಗೆ ಹೋದ ಹೆಂಗಸರ ಪಾಡನ್ನು ಊಹಿಸಿ. 1983ರಲ್ಲಿ ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ ಈ ಪ್ರತಿಕಾಯ, ರಕ್ತನಾಳದ ಹೆಪ್ಪು, ಗರ್ಭಪಾತ ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದರು.

ಚಿಕಿತ್ಸೆ ಎಂದರೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ಚರ್ಮದಡಿಗೆ ಚುಚ್ಚುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್. ಹೆಪಾರಿನ್ ಮಾಸನ್ನು ದಾಟಿ ಮಗುವನ್ನು ತಲಪುವುದಿಲ್ಲ. 1997ರ ಲಂಡನ್ ಅಧ್ಯಯನದಲ್ಲಿ ಬರೀ ಆಸ್ಪಿರಿನ್ ಪಡೆದವರಲ್ಲಿ ಶೇಕಡ 42 ಮಂದಿಗೆ ಜೀವಂತ ಮಗು ಹುಟ್ಟಿತು, ಎರಡನ್ನೂ ಪಡೆದವರಲ್ಲಿ ಶೇಕಡ 71 ಮಂದಿಗೆ.

ಹಾಗೆಂದು ಗರ್ಭಪಾತವಾದ ಎಲ್ಲರಿಗೂ ಹೆಪಾರಿನ್ ಚುಚ್ಚುವುದು ತಪ್ಪು. ಸೋಂಕಿನಿಂದಲೂ ಈ ಪ್ರತಿಕಾಯಗಳು ಸ್ವಲ್ಪ ಕಾಲ ತಲೆ ಎತ್ತಿ ಅಡಗಬಹುದು. ಅದಕ್ಕಾಗಿಯೇ 12 ವಾರ ಬಿಟ್ಟು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ವಂಶವಾಹಿಯಿಂದ ಬರುವ ಹೆಪ್ಪುಗಟ್ಟುವ ದೋಷ ಬೇರೆಯೇ. ಅದಿರುವ, ಪದೇ ಪದೇ ಗರ್ಭಪಾತವಾದ ಮಹಿಳೆಯರಿಗೆ ಹೆಪಾರಿನ್ ಕೊಟ್ಟು ನೋಡಿದ 2023ರ ಪ್ರಯೋಗದಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆಯೇನೂ ಹೆಚ್ಚಲಿಲ್ಲ.