ಬಡಾವಣೆಯ ಮರಗಣತಿ: ಕವಲು ಮರ ಅಳೆಯುವುದು ಹೇಗೆ?

ಚಿಕ್ಕಮಗಳೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಮರಗಣತಿ ಮಾಡೋಣ ಅಂತ ತೀರ್ಮಾನವಾಯಿತು. ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಲಿತದ್ದು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನಿಮ್ಮಲ್ಲೂ ಯಾರಾದರೂ ಶುರು ಮಾಡುವವರಿದ್ದರೆ ಉಪಯೋಗವಾಗಲಿ.

ಪಟ್ಟಿ ಯಾಕೆ ಬೇಕು

ಪ್ರತಿ ಮರಕ್ಕೂ ಒಂದು ನಂಬರ್, ಜಾತಿ, ಜಾಗ, ಸುತ್ತಳತೆ, ಆರೋಗ್ಯ, ಮುಂದೆ ಮಾಡಬೇಕಾದ ಕೆಲಸ. ಇಷ್ಟೇ. ಇದಿಲ್ಲದಿದ್ದರೆ ಆಷಾಢದ ಗಾಳಿಗೆ ಕೊಂಬೆ ಮುರಿದು ಕಾರಿನ ಮೇಲೆ ಬಿದ್ದಾಗಲೇ ಸಂಘಕ್ಕೆ ಆ ಮರ ನೆನಪಾಗುವುದು. ಪಟ್ಟಿ ಇದ್ದರೆ ಬುಡದಲ್ಲಿ ಅಣಬೆ ಎದ್ದಿರುವುದು ಯಾವುದಕ್ಕೆ, ಪೊಟರೆ ಇರುವುದು ಯಾವುದಕ್ಕೆ, ಕರೆಂಟ್ ತಂತಿಗೆ ತಾಗುತ್ತಿರುವುದು ಯಾವುದು ಅಂತ ಏಪ್ರಿಲ್‌ನಲ್ಲೇ ಗೊತ್ತಾಗುತ್ತದೆ. ಮೊದಲು ಅವಕ್ಕೆ ದುಡ್ಡು ತೆಗೆದಿಡಬಹುದು.

ಜಾತಿಯ ಹೆಸರು ಸುಮ್ನೆ ಬರೆಯುವುದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ತೆಂಗಿನಂಥ ಕೆಲವು ಮರಗಳಿಗೆ ಅದರಿಂದ ವಿನಾಯಿತಿ ಇದೆ. ಬೇರೆ ಹಲವು ಮರಗಳಿಗೆ ಇಲ್ಲ.

ನಾನು ಸಿಕ್ಕಿಬಿದ್ದ ಜಾಗ: ಕವಲು ಮರ

ನೆಲದಿಂದ 137 ಸೆಂಟಿಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆದುಕೊಳ್ಳಬೇಕು. ಇದಕ್ಕೆ ಎದೆಯೆತ್ತರ ಅನ್ನುತ್ತಾರೆ. ಒಂದು ಬಿದಿರು ಕೋಲಿಗೆ 137ರಲ್ಲಿ ಪೇಂಟ್ ಗುರುತು ಹಾಕಿಕೊಂಡೆ, ಪ್ರತಿ ಸಲ ಟೇಪ್ ಇಳಿಬಿಡುವುದು ತಪ್ಪಿತು. ನಮ್ಮದು ಇಳಿಜಾರಿನ ಬಡಾವಣೆ. ಇಳಿಜಾರಿದ್ದರೆ ಕೋಲನ್ನು ಮೇಲಿನ ಬದಿಯಲ್ಲೇ ಊರಬೇಕು. ಟೈಲರ್ ಟೇಪ್ 150 ಸೆಂಟಿಮೀಟರ್‌ಗೇ ಮುಗಿಯುತ್ತದೆ, ಮಳೆಮರಕ್ಕೆ ಸಾಲದು. ಹಗ್ಗ ಸುತ್ತಿ, ಗುರುತು ಹಾಕಿ, ಆಮೇಲೆ ಹಗ್ಗವನ್ನು ಅಳೆಯಿರಿ. ವ್ಯಾಸ ಬೇಕಾದರೆ ಸುತ್ತಳತೆಯನ್ನು 3.14ರಿಂದ ಭಾಗಿಸಿ.

ಇಲ್ಲಿವರೆಗೆ ಸಲೀಸು. ಪಾರ್ಕಿನ ಮೂಲೆಯ ನೇರಳೆ ಮರಕ್ಕೆ ಬಂದಾಗ ನಿಂತುಬಿಟ್ಟೆ. ಅದು ಮೊಣಕಾಲೆತ್ತರದಲ್ಲೇ ಎರಡಾಗಿ ಕವಲೊಡೆದಿದೆ. ಒಂದು ಕವಲು 60 ಸೆಂಟಿಮೀಟರ್, ಇನ್ನೊಂದು 80. ಕೂಡಿಸಿ 140 ಅಂತ ಬರೆದೆ. ಮನೆಗೆ ಬಂದು ಓದಿದರೆ ಅದು ತಪ್ಪು, 100 ಆಗಬೇಕಿತ್ತು.

ಇದು ತಲೆಗೆ ಹೋಗಲು ಒಂದು ಸಂಜೆ ಬೇಕಾಯಿತು. ಅರ್ಥವಾದದ್ದು ಅಕ್ಕಿರೊಟ್ಟಿಯಿಂದ. 6 ಇಂಚಿನ ಒಂದು ರೊಟ್ಟಿ, 8 ಇಂಚಿನ ಒಂದು ರೊಟ್ಟಿ ತಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಎರಡರ ಹಿಟ್ಟನ್ನೂ ಸೇರಿಸಿ ಅಷ್ಟೇ ದಪ್ಪಕ್ಕೆ ಒಂದೇ ರೊಟ್ಟಿ ತಟ್ಟಿದರೆ 14 ಇಂಚು ಬರುತ್ತದಾ? ಬರುವುದಿಲ್ಲ, 10 ಇಂಚು ಬರುತ್ತದೆ. ಕೂಡುವುದು ಹಿಟ್ಟು, ಅಂದರೆ ರೊಟ್ಟಿಯ ಹರವು. ಅಗಲ ಕೂಡುವುದಿಲ್ಲ. ಮರದಲ್ಲೂ ಹಾಗೆ. ಕಾಂಡವನ್ನು ಅಡ್ಡ ಕೊಯ್ದರೆ ಕಾಣುವ ಮುಖವೇ ರೊಟ್ಟಿ, ಎರಡು ಕವಲಿನ ಮುಖಗಳನ್ನು ಕೂಡಿಸಬೇಕು.

ಲೆಕ್ಕ ಹೀಗೆ: 60ರ ವರ್ಗ 3600. 80ರ ವರ್ಗ 6400. ಕೂಡಿದರೆ 10000. ಅದರ ವರ್ಗಮೂಲ 100. ಮೂರು ಕವಲಿದ್ದರೆ ಮೂರರ ವರ್ಗವನ್ನೂ ಕೂಡಿಸಿ, ಕೊನೆಗೆ ಒಂದೇ ಸಲ ವರ್ಗಮೂಲ ತೆಗೆಯಿರಿ. ಸುತ್ತಳತೆಯಲ್ಲೇ ಮಾಡಿದರೂ ಸರಿ, ವ್ಯಾಸದಲ್ಲಿ ಮಾಡಿದರೂ ಸರಿ, ಎರಡನ್ನೂ ಬೆರೆಸಬೇಡಿ. ಪಾಯ ಗುರುತು ಹಾಕುವಾಗ ಮೇಸ್ತ್ರಿ ಮೂಲೆ ನೋಡುವ 3-4-5 ಲೆಕ್ಕವೇ ಇದು. ನಾನು ಬರೆದ 140 ನಿಂತಿದ್ದರೆ ಆ ಮರದ ಹರವು ಕಾಗದದಲ್ಲಿ ಇರುವುದಕ್ಕಿಂತ ಸುಮಾರು ಎರಡು ಪಟ್ಟು ಆಗಿಬಿಡುತ್ತಿತ್ತು.

ಪಟ್ಟಿಯಲ್ಲಿ 60, 80, 100 ಮೂರನ್ನೂ ಬರೆಯಿರಿ. ಮುಂದೆ ಒಂದು ಕವಲು ಮುರಿದುಬಿದ್ದರೆ ಉಳಿದದ್ದೆಷ್ಟು ಅಂತ ತಿಳಿಯಬೇಕಲ್ವಾ?

ಒಂದೇ ಕುಟುಂಬದ ಮರಗಳು

ಅಮೆರಿಕದ ಊರುಗಳಲ್ಲಿ ಹಿಂದೆ ಬೀದಿಯುದ್ದಕ್ಕೂ ಎಲ್ಮ್ ಮರಗಳಿದ್ದವು. ಡಚ್ ಎಲ್ಮ್ ರೋಗ ಬಂದು ಸಾಲು ಸಾಲೇ ಒಣಗಿದವು. ಅಲ್ಲಿನ ಮರತಜ್ಞ ಫ್ರಾಂಕ್ ಸಾಂಟಮೂರ್ 1990ರಲ್ಲಿ ಒಂದು ನಿಯಮ ಕೊಟ್ಟರು: ಒಂದು ಜಾತಿ ನೂರಕ್ಕೆ 10 ದಾಟಬಾರದು, ಒಂದು ಕುಲ (ಹತ್ತಿರದ ಜಾತಿಗಳ ಗುಂಪು) 20, ಒಂದು ಕುಟುಂಬ (ಅಂಥ ಕುಲಗಳ ಗುಂಪು) 30.

ನಮ್ಮಲ್ಲಿ ಬಗೆಬಗೆಯ ಮರ ಇದೆ ಅಂದುಕೊಂಡಿದ್ದೆ. ಮಳೆಮರ, ಗುಲ್‌ಮೊಹರ್, ಹೊಂಗೆ, ಕಕ್ಕೆ, ಹುಣಸೆ. ಇವೆಲ್ಲ ಅವರೆಕಾಯಿಯ ಕುಟುಂಬದವೇ! ಹೂವು ನೋಡಿದರೆ ಗೊತ್ತಾಗುವುದಿಲ್ಲ, ಕಾಯಿ ನೋಡಿ. ಈ ಮಳೆಗಾಲಕ್ಕೆ ಹೊಂಗೆ ಸಸಿ ತರಬೇಕು ಅಂತಿದ್ದ ಸಂಘಕ್ಕೆ ಪಟ್ಟಿ ತೋರಿಸಿದೆ. ಈಗ ಸಂಪಿಗೆ, ಹಲಸು ಬರೆದುಕೊಂಡಿದ್ದಾರೆ.