ಗೇಮ್ ಬಾಯ್ ಪರದೆಯಲ್ಲಿ ಕಾಣೆಯಾದ ಗೆರೆಗಳು

1989ರಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಬಾಯ್, ಅಂದರೆ ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರ, ಮಾರುಕಟ್ಟೆಗೆ ಬಂದಾಗಲೇ ಅದರ ಒಳಗಿನ ಸಾಮಾನು ಹಳೇ ಕಾಲದ್ದು. ಬಣ್ಣ ಇಲ್ಲ, ಪರದೆಯ ಹಿಂದೆ ಬೆಳಕಿಲ್ಲ, ಇದ್ದಿದ್ದು ಹಸಿರು ಛಾಯೆಯ ನಾಲ್ಕೇ ಶೇಡ್. ಅದೇ ವರ್ಷ ಬಂದ ಅಂಥದ್ದೇ ಇನ್ನೊಂದು ಯಂತ್ರ ಅಟಾರಿ ಲಿಂಕ್ಸ್‌ನಲ್ಲಿ ಬಣ್ಣದ ಪರದೆಯೇ ಇತ್ತು. ಆದರೆ ಗೇಮ್ ಬಾಯ್ ಹಿಂದಿದ್ದ ನಿಂಟೆಂಡೊ ವಿನ್ಯಾಸಕಾರ ಗುನ್ಪೆ ಯೊಕೊಯಿ ಬೇಕಂತಲೇ ಹೀಗೆ ಮಾಡಿದ್ದರು. ಬಳಸಿ ಪಳಗಿದ, ಅಗ್ಗದ ಬಿಡಿಭಾಗಗಳಿಂದಲೇ ಹೊಸದೇನಾದರೂ ಮಾಡಬೇಕು ಅನ್ನೋದು ಅವರ ವಾದ. ಅದರಿಂದ ಆಗ ಸೆಲ್ ಉಳಿಯಿತು, ಬೆಲೆ ಇಳಿಯಿತು. ಈಗಿನ ಲಾಭ ಬೇರೆ: ಕೆಟ್ಟರೆ ಮನೆಯಲ್ಲೇ ಸರಿ ಮಾಡಬಹುದು.

ಬಿಚ್ಚೋದೇ ಮೊದಲ ತಲೆನೋವು. ಹೊರಗಿನ ಸ್ಕ್ರೂಗಳ ತಲೆ ಮೂರು ಕವಲಿನದು, ಮನೆಯ ಸ್ಕ್ರೂಡ್ರೈವರ್ ಕೂರೋದಿಲ್ಲ. ಅದಕ್ಕೆ ಟ್ರೈ-ವಿಂಗ್ ಬಿಟ್ ಬೇಕು. ಆನ್ ಆಗದ ಗೇಮ್ ಬಾಯ್ ಸಿಕ್ಕರೆ ಮೊದಲು ಸೆಲ್ ಹಾಕುವ ಜಾಗ ನೋಡಿ. ವರ್ಷಗಟ್ಟಲೆ ಒಳಗೇ ಬಿಟ್ಟ ಆಲ್ಕಲೈನ್ ಸೆಲ್ ಸೋರಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಬಂದು ಲೋಹದ ಮೇಲೆ ಬಿಳಿ ಪುಡಿಯಾಗಿ ಕೂತಿರುತ್ತದೆ. ಅದು ಕ್ಷಾರ. ಹತ್ತಿಗೆ ಸ್ವಲ್ಪ ವಿನೆಗರ್ ಮುಟ್ಟಿಸಿ ಒರೆಸಿದರೆ ಕರಗುತ್ತದೆ. ಸಾಕಷ್ಟು ಸಲ ರಿಪೇರಿ ಅಲ್ಲಿಗೇ ಮುಗಿಯುತ್ತದೆ.

ನಿಜವಾದ ಮಜಾ ಇರೋದು ಪರದೆಯಲ್ಲಿ. ಅಡ್ಡಲಾಗಿ 160, ಉದ್ದಕ್ಕೆ 144 ಚುಕ್ಕಿಗಳು. ಹಳೇ ಯಂತ್ರದಲ್ಲಿ ಮೇಲಿಂದ ಕೆಳಗಿನವರೆಗೆ ಒಂದೆರಡು ಗೆರೆ ಪೂರ್ತಿ ಖಾಲಿ ಕಾಣುತ್ತವೆ. ಪರದೆ ಸತ್ತೇಹೋಯಿತು ಅಂತ ಎಷ್ಟೋ ಜನ ಎತ್ತಿಟ್ಟುಬಿಡುತ್ತಾರೆ. ಅಸಲಿಗೆ ಪ್ರತಿ ಕಂಬಸಾಲಿಗೂ ಸಂಕೇತ ಬರೋದು ಪರದೆಯ ಕೆಳ ಅಂಚಿನ ತೆಳು ರಿಬ್ಬನ್ನಿನಿಂದ, ಅಂದರೆ ಪಟ್ಟಿಯಂಥ ಕೇಬಲ್‌ನಿಂದ. ಅದನ್ನು ಅಂಟಿನಿಂದ ಒತ್ತಿ ಕೂರಿಸಿರುತ್ತಾರೆ, ಕಾಲ ಕಳೆದಂತೆ ಆ ಅಂಟು ಸಡಿಲವಾಗುತ್ತದೆ. ಗೆರೆ ಹೋದದ್ದು ಅಲ್ಲೇ, ಗಾಜಿಗೆ ಏನೂ ಆಗಿರೋದಿಲ್ಲ.

ಆ ರಿಬ್ಬನ್ ಬಳಿಯ ರಬ್ಬರ್ ಪಟ್ಟಿ ಸರಿಸಿ, ಕಡಿಮೆ ಶಾಖಕ್ಕಿಟ್ಟ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಆ ಜಾಯಿಂಟ್ ಮೇಲೆ ನಿಧಾನಕ್ಕೆ ಎಳೆಯಬೇಕು. ಅಂಟು ಮೆತ್ತಗಾಗಿ ಮತ್ತೆ ಹಿಡಿಯುತ್ತದೆ. ಯಂತ್ರ ಆನ್ ಇಟ್ಟುಕೊಂಡೇ ಮಾಡಿದರೆ, ತುದಿ ಹಾದಂತೆ ಗೆರೆಗಳು ಒಂದೊಂದಾಗಿ ವಾಪಸ್ ಬರೋದು ಕಣ್ಣೆದುರೇ ಕಾಣುತ್ತದೆ. ಶಾಖ ಜಾಸ್ತಿಯಾದರೆ ಮಾತ್ರ ರಿಬ್ಬನ್ ಸುಟ್ಟುಹೋಗುತ್ತದೆ, ಆಗ ಪರದೆಯನ್ನೇ ಬದಲಿಸಬೇಕು.

ಇನ್ನು ಪರದೆಗೆ ಬೆಳಕು ಕೊಡುವ ಕಥೆ. ಗಾಜಿನ ಹಿಂದಿನ ಪ್ರತಿಫಲಿಸುವ ಹಾಳೆಯನ್ನು ಹುಷಾರಾಗಿ ಸುಲಿದು, ಹೊಸ ಪೋಲರೈಸರ್ ಮತ್ತು ಎಲ್‌ಇಡಿ ಪ್ಯಾನೆಲ್ ಇಡುತ್ತಾರೆ. ಪೋಲರೈಸರ್ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುತ್ತದೆ. ಅದನ್ನು 90 ಡಿಗ್ರಿ ತಿರುಗಿಸಿಟ್ಟರೆ ಚಿತ್ರವೇ ನೆಗೆಟಿವ್: ಕಪ್ಪು ಬೆಳ್ಳಗೆ, ಬಿಳುಪು ಕಪ್ಪಗೆ. ಹವ್ಯಾಸಿಗಳು ಬೇಕಂತಲೇ ಹಾಗೆ ತಿರುಗಿಸುತ್ತಾರೆ! ಆಮೇಲೆ 74ಎಚ್‌ಸಿ04 ಅನ್ನೋ ಅಗ್ಗದ ಚಿಪ್ ಬೆಸೆಯುತ್ತಾರೆ. ಪ್ರತಿ ಚುಕ್ಕಿಯ ಶೇಡ್ ಹೇಳೋದು ಎರಡೇ ಬಿಟ್, ಅಂದರೆ 0 ಅಥವಾ 1 ಆಗಿರುವ ಎರಡು ಅಂಕಿ. ಈ ಚಿಪ್ ಆ ಎರಡನ್ನೂ ತಲೆಕೆಳಗು ಮಾಡುತ್ತದೆ, 0 ಇದ್ದದ್ದು 1, 1 ಇದ್ದದ್ದು 0. ಎರಡು ಸಲ ತಿರುಗಿದ ಚಿತ್ರ ಮತ್ತೆ ಸರಿಯಾಗುತ್ತದೆ. ಸುಮ್ನೆ ಸರ್ಕಸ್ ಅಲ್ಲ ಇದು, ಬರೀ ಬೆಳಕು ಹಾಕಿದರೆ ಮಂಕಾಗಿ ಕಾಣುವ ಚಿತ್ರ ಇದರಿಂದ ಗಾಢವಾಗಿ ಎದ್ದು ಕಾಣುತ್ತದೆ. ಈಗ ಕಿಟ್‌ಗಳಲ್ಲಿ ಐಪಿಎಸ್ ಅನ್ನೋ ಹೊಸ ಬಗೆಯ ಎಲ್‌ಸಿಡಿ ಪರದೆಗಳೂ ಸಿಗುತ್ತವೆ. ಚೆನ್ನಾಗಿವೆ, ಆದರೆ ನನಗೆ ಹಳೇ ಗಾಜೇ ಇಷ್ಟ.

ಆಟ ತುಂಬಿರುವ ಕಾರ್ಟ್ರಿಜ್ ಅನ್ನು ಯಂತ್ರ ಓದದಿದ್ದರೆ ಬಾಯಿಂದ ಊದುವ ಚಾಳಿ ನಮ್ಮಲ್ಲೂ ಇತ್ತು ಅಲ್ವಾ, ಟಿವಿಗೆ ಜೋಡಿಸುವ ಆಟಗಳ ಕಾಲದಲ್ಲಿ? ಉಸಿರಿನ ತೇವ ಲೋಹಕ್ಕೆ ಒಳ್ಳೇದಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿದರೆ ಸಾಕು. ಆಟ ಸೇವ್ ಆಗುವ ಹಲವು ಕಾರ್ಟ್ರಿಜ್‌ಗಳ ಒಳಗೆ ನಾಣ್ಯದಾಕಾರದ 3 ವೋಲ್ಟ್ ಲಿಥಿಯಂ ಸೆಲ್ ಇರುತ್ತದೆ. ಅದನ್ನು ತೆಗೆದರೆ ಸೇವ್ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಮೊದಲೇ ಕಂಪ್ಯೂಟರ್‌ಗೆ ಜೋಡಿಸುವ ಕಾರ್ಟ್ರಿಜ್ ರೀಡರ್‌ನಿಂದ ಕಾಪಿ ಮಾಡಿಟ್ಟುಕೊಳ್ಳಿ. ಹೊಸ ಸೆಲ್‌ಗೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಸಿಡಿಯಬಹುದು. ಲೋಹದ ಪಟ್ಟಿ ಮೊದಲೇ ಜೋಡಿಸಿರುವ ಸೆಲ್‌ಗಳೇ ಅಂಗಡಿಯಲ್ಲಿ ಸಿಗುತ್ತವೆ.