ಒಂದು ವೈರಸ್ ಸಿಕ್ಕಿತೆಂದು ಹುಡುಕಾಟ ನಿಲ್ಲಬಾರದು

2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನಂದೂರಬಾರ್ ಜಿಲ್ಲೆಯ ನವಾಪುರದ ಫಾರಂಗಳಲ್ಲಿ ಕೋಳಿಗಳು ರಾಶಿರಾಶಿಯಾಗಿ ಸಾಯತೊಡಗಿದಾಗ ಮೊದಲು ಶಂಕೆ ಹೋದದ್ದು ರಾಣಿಖೇತ್ ರೋಗದ ಕಡೆಗೆ. ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗವೆನ್ನುವುದು ಅದನ್ನೇ. ಭೋಪಾಲದ ಪ್ರಾಣಿರೋಗ ಸಂಸ್ಥೆಯ ಪ್ರಯೋಗಾಲಯದ ಪರೀಕ್ಷೆಯಲ್ಲಿ ಹಕ್ಕಿ ಜ್ವರದ ಮಾರಕ ವೈರಸ್ ಎಚ್5ಎನ್1 ದೃಢಪಟ್ಟಾಗ ಅದು ಭಾರತದ ಮೊದಲ ಹಕ್ಕಿ ಜ್ವರದ ಪ್ರಕರಣವಾಯಿತು. ಆ ಶಂಕೆಯಲ್ಲಿ ಅಸಹಜವಾದದ್ದೇನೂ ಇರಲಿಲ್ಲ. ಎರಡರಲ್ಲೂ ಕೋಳಿ ಬಾಯ್ದೆರೆದು ಉಸಿರೆಳೆಯುತ್ತದೆ, ಮುಖ ಊದಿಕೊಳ್ಳುತ್ತದೆ, ಮೊಟ್ಟೆಯ ಇಳುವರಿ ಕುಸಿಯುತ್ತದೆ. ಕಣ್ಣಿನಿಂದ ನೋಡಿ ಇದು ಇಂಥದ್ದೇ ರೋಗವೆಂದು ಯಾವ ಪಶುವೈದ್ಯರೂ ಹೇಳಲಾರರು. ಒಂದೇ ಶೆಡ್ಡಿನಲ್ಲಿ ಎರಡು ಮೂರು ರೋಗಾಣುಗಳು ಒಟ್ಟಿಗೆ ಸೇರಿಕೊಂಡಾಗಲಂತೂ ತೊಡಕು ಇನ್ನೂ ಹೆಚ್ಚುತ್ತದೆ.

ಈ ಜೋಡಿ ಸೋಂಕುಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಹೆಸರು ಎಚ್9ಎನ್2. 1966ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಟರ್ಕಿ ಕೋಳಿಗಳಲ್ಲಿ ಮೊದಲಿಗೆ ಸಿಕ್ಕ ಈ ಹಕ್ಕಿ ಜ್ವರದ ವೈರಸ್, ಪ್ರಯೋಗಾಲಯದಲ್ಲಿ ಆರೋಗ್ಯವಂತ ಕೋಳಿಗೆ ಒಂಟಿಯಾಗಿ ತಗುಲಿದಾಗ ಸಾಮಾನ್ಯವಾಗಿ ಸೌಮ್ಯವಾಗಿಯೇ ವರ್ತಿಸುತ್ತದೆ. ಆದರೆ 1998ರಲ್ಲಿ ಇರಾನಿನ ಬ್ರಾಯ್ಲರ್ ಫಾರಂಗಳಿಗೆ ಅದು ನುಗ್ಗಿದಾಗ ಸಾವಿನ ಪ್ರಮಾಣ ಶೇ. 20ರಿಂದ 60ರವರೆಗೂ ಏರಿತ್ತು. ಅಲ್ಲಿ ಎಚ್9ಎನ್2 ಒಂಟಿಯಾಗಿರಲಿಲ್ಲ. ಕೋಳಿಗಳ ಕೊರೋನಾ ವೈರಸ್ ಆದ ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್ ವೈರಸ್, ಮೈಕೋಪ್ಲಾಸ್ಮಾ ಮತ್ತು ಇ. ಕೋಲಿ ಎಂಬ ಬ್ಯಾಕ್ಟೀರಿಯಾಗಳು ಮುಂತಾದ ಸಹಚರರ ಪಾತ್ರವನ್ನು ತಜ್ಞರು ಗುರುತಿಸಿದರು.

ಒಂಟಿಯಾಗಿ ಸೌಮ್ಯವಾದದ್ದು ಜೊತೆಗೂಡಿದಾಗ ಮಾರಕವಾಗುವುದೇಕೆ? ಹಕ್ಕಿ ಜ್ವರ ತರುವ ಇನ್‌ಫ್ಲುಯೆಂಜಾ ವೈರಸ್ಸಿನ ಹೊರಮೈಯಲ್ಲಿರುವ ಹಿಮಾಗ್ಲುಟಿನಿನ್ ಎಂಬ ಪ್ರೋಟೀನನ್ನು ಕಿಣ್ವವೊಂದು ಎರಡಾಗಿ ಸೀಳಿದರೆ ಮಾತ್ರ ಆ ವೈರಸ್ ಹೊಸ ಜೀವಕೋಶವನ್ನು ಹೊಗಬಲ್ಲದು. ಮಾರಕ ಎಚ್5ಎನ್1ನಲ್ಲಿ ಸೀಳುವ ಜಾಗದ ರಚನೆ ದೇಹದ ಎಲ್ಲೆಡೆ ಸಿಗುವ ಫ್ಯೂರಿನ್ ಕಿಣ್ವಕ್ಕೆ ಒಗ್ಗುವುದರಿಂದ ಅದು ಮಿದುಳು, ಹೃದಯಗಳಿಗೂ ಹಬ್ಬುತ್ತದೆ. ಎಚ್9ಎನ್2ಗೆ ಬೇಕಾದ ಕಿಣ್ವಗಳು ಹೆಚ್ಚಾಗಿ ಶ್ವಾಸನಾಳ ಮತ್ತು ಕರುಳಿನಲ್ಲಿವೆ. ಕೆಲವು ಬ್ಯಾಕ್ಟೀರಿಯಾಗಳು ತಾವೇ ಅಂಥ ಕಿಣ್ವಗಳನ್ನು ಸ್ರವಿಸಿ ವೈರಸ್ಸಿನ ಕೆಲಸವನ್ನು ಸುಲಭ ಮಾಡಿಕೊಡುತ್ತವೆ. ಇನ್ನೊಂದೆಡೆ ಬ್ರಾಂಕೈಟಿಸ್ ವೈರಸ್ ಶ್ವಾಸನಾಳದ ಒಳಪದರದ ಸೂಕ್ಷ್ಮ ರೋಮಗಳನ್ನು ನಾಶಮಾಡುವುದರಿಂದ ಲೋಳೆ ಮೇಲೇರದೆ ಅಲ್ಲೇ ನಿಲ್ಲುತ್ತದೆ. ಇಂಥ ಕೋಳಿಯ ಮರಣೋತ್ತರ ಪರೀಕ್ಷೆಯಲ್ಲಿ, ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ ಹಳದಿ ಬಣ್ಣದ ಗಟ್ಟಿ ಬೆಣೆಯೊಂದು ಕಾಣಸಿಗುತ್ತದೆ. ಬಿರಡೆ ಹಾಕಿದ ಬಾಟಲಿಯಂತೆ ಗಾಳಿಯ ದಾರಿ ಪೂರ್ತಿ ಮುಚ್ಚಿರುತ್ತದೆ. ಕೋಳಿ ಸತ್ತದ್ದು ಉಸಿರುಗಟ್ಟಿ. ಬ್ರಾಂಕೈಟಿಸ್ ತಡೆಯಲು ಕೊಡುವ ಜೀವಂತ ಲಸಿಕೆಯ ವೈರಸ್ಸೂ, ಎಚ್9ಎನ್2 ಹಬ್ಬಿರುವ ಹಿಂಡಿನಲ್ಲಿ, ರೋಗವನ್ನು ಉಲ್ಬಣಗೊಳಿಸಬಲ್ಲದೆಂದು ಪ್ರಯೋಗಗಳು ತೋರಿಸಿವೆ. ಕೆಮ್ಮುತ್ತಿರುವ ಹಿಂಡಿಗೆ ಗಡಿಬಿಡಿಯಲ್ಲಿ ಜೀವಂತ ಲಸಿಕೆ ಹಾಕುವ ರೂಢಿಯ ಬಗ್ಗೆ ನನಗೆ ಆತಂಕವಿರುವುದು ಈ ಕಾರಣಕ್ಕೆ.

ಜೋಡಿ ಸೋಂಕು ರೋಗವನ್ನು ಹೆಚ್ಚಿಸುವುದಷ್ಟೇ ಅಲ್ಲ, ಮರೆಮಾಚುವುದೂ ಉಂಟು. ಭ್ರೂಣವಿರುವ ಮೊಟ್ಟೆಯಲ್ಲಿ ವೈರಸ್ ಬೆಳೆಸಿ, ಅದರ ದ್ರವವನ್ನು ಕೋಳಿಯ ಕೆಂಪು ರಕ್ತಕಣಗಳೊಂದಿಗೆ ಬೆರೆಸಿ, ಕಣಗಳು ಗುಂಪುಗೂಡುತ್ತವೆಯೇ ಎಂದು ನೋಡುವುದು ಹಳೆಯ ಪರೀಕ್ಷೆ. ರಾಣಿಖೇತ್ ವೈರಸ್ ಮತ್ತು ಹಕ್ಕಿ ಜ್ವರದ ವೈರಸ್ ಎರಡೂ ಕಣಗಳನ್ನು ಗುಂಪುಗೂಡಿಸುತ್ತವೆ. ಬೇಗ ಬೆಳೆಯುವ ಒಂದು ಇನ್ನೊಂದನ್ನು ಮುಚ್ಚಿಹಾಕಿದರೆ ವರದಿಯಲ್ಲಿ ಒಂದೇ ಹೆಸರು ಬರುತ್ತದೆ. ಬ್ರಾಂಕೈಟಿಸ್ ವೈರಸ್ ವಿಶೇಷ ಕಿಣ್ವದ ಸಂಸ್ಕರಣೆಯಿಲ್ಲದೆ ಈ ಪರೀಕ್ಷೆಯಲ್ಲಿ ಸುಳಿವನ್ನೇ ಕೊಡುವುದಿಲ್ಲ. ಆದ್ದರಿಂದ ಒಂದೇ ಮಾದರಿಯ ಮೇಲೆ ಪ್ರತಿಯೊಂದು ವೈರಸ್ಸಿಗೂ ಪ್ರತ್ಯೇಕವಾಗಿ, ವೈರಸ್ಸಿನ ವಂಶವಾಹಿಯನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡುವುದು ಅಗತ್ಯ.

ಹಾಂಕಾಂಗ್‌ನಲ್ಲಿ 1997ರಲ್ಲಿ ನಡೆದದ್ದು ಇದಕ್ಕಿಂತ ಗಂಭೀರ. ಆ ವರ್ಷ ಎಚ್5ಎನ್1 ಅಲ್ಲಿ 18 ಜನರಿಗೆ ತಗುಲಿ 6 ಜನ ತೀರಿಕೊಂಡರು, ಹತ್ತು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಬೇಕಾಯಿತು. ಆದರೂ ಜೀವಂತ ಕೋಳಿ ಮಾರುಕಟ್ಟೆಗಳಲ್ಲಿ ಆರೋಗ್ಯವಾಗಿ ಕಾಣುತ್ತಿದ್ದ ಕೋಳಿಗಳೂ ಇದ್ದವು. ಅದೇ ಮಾರುಕಟ್ಟೆಗಳಲ್ಲಿ ಎಚ್9ಎನ್2 ಕೂಡ ಸುತ್ತಾಡುತ್ತಿತ್ತು. ಮುಂದೆ ನಡೆದ ಪ್ರಯೋಗಗಳಲ್ಲಿ, ಮೊದಲು ಎಚ್9ಎನ್2 ತಗುಲಿದ ಕೋಳಿಗಳು ಎಚ್5ಎನ್1ನಿಂದ ಸಾಯದೆ, ಹಿಕ್ಕೆಯಲ್ಲಿ ಮಾತ್ರ ಆ ವೈರಸ್ಸನ್ನು ಹೊರಹಾಕುತ್ತಿದ್ದುದು ಕಂಡುಬಂತು. ಒಂದು ಸೋಂಕು ಕೊಟ್ಟ ಅರೆಬರೆ ರಕ್ಷಣೆಯಿಂದ ಕೋಳಿ ಬದುಕಿತು, ಅದನ್ನು ಮುಟ್ಟುವ ಮನುಷ್ಯನಿಗೆ ಸಿಗಬೇಕಾದ ಎಚ್ಚರಿಕೆ ಮಾತ್ರ ಸಿಗಲಿಲ್ಲ. ಸತ್ತ ಕೋಳಿಗಳನ್ನಷ್ಟೇ ಎಣಿಸುವ ಕಣ್ಗಾವಲಿನ ದೊಡ್ಡ ಕೊರತೆ ಇದೇ.

ಇನ್‌ಫ್ಲುಯೆಂಜಾದ ವಂಶವಾಹಿ ಎಂಟು ತುಂಡುಗಳಲ್ಲಿರುವುದರಿಂದ, ಎರಡು ಬಗೆಯ ವೈರಸ್‌ಗಳು ಒಂದೇ ಜೀವಕೋಶ ಹೊಕ್ಕರೆ ತುಂಡುಗಳು ಅದಲುಬದಲಾಗಿ 256 ಜೋಡಣೆಗಳು ಸಾಧ್ಯ. 2013ರಲ್ಲಿ ಚೀನಾದಲ್ಲಿ ಮನುಷ್ಯರಿಗೆ ತಗುಲಿದ ಇನ್ನೊಂದು ಹಕ್ಕಿ ಜ್ವರದ ವೈರಸ್ ಎಚ್7ಎನ್9ನ ಎಂಟು ತುಂಡುಗಳಲ್ಲಿ, ಹೊರಮೈ ಪ್ರೋಟೀನುಗಳ ಎರಡನ್ನು ಬಿಟ್ಟು, ಉಳಿದ ಆರು ಎಚ್9ಎನ್2ನಿಂದಲೇ ಬಂದಿದ್ದವು.

ಭಾರತದ ಕೋಳಿಗಳಲ್ಲಿಯೂ ಎಚ್9ಎನ್2 ಬಹುಕಾಲದಿಂದ ಬೇರೂರಿದೆ, ಅದರ ವಿರುದ್ಧ ನಿಷ್ಕ್ರಿಯ (ಸತ್ತ ವೈರಸ್ಸಿನ) ಲಸಿಕೆಯನ್ನು ಭೋಪಾಲದ ಸಂಸ್ಥೆಯೇ ರೂಪಿಸಿದೆ. ಆದರೆ ಲಸಿಕೆ ಸೋಂಕನ್ನು ಸಂಪೂರ್ಣ ತಡೆಯುವುದಿಲ್ಲ, ಲಕ್ಷಣಗಳನ್ನು ತಗ್ಗಿಸುತ್ತದೆ. ಹೀಗಾಗಿ ಲಸಿಕೆ ಹಾಕಿದ ಹಿಂಡಿನಲ್ಲಿ ಸತ್ತವುಗಳ ಜೊತೆಗೆ ಆರೋಗ್ಯವಾಗಿ ಮೇಯುತ್ತಿರುವ ಕೆಲವು ಕೋಳಿಗಳ ಗಂಟಲು ಮತ್ತು ಗುದದ್ವಾರದ ದ್ರವವನ್ನೂ ಪರೀಕ್ಷೆಗೆ ಕಳುಹಿಸಬೇಕಾಗುತ್ತದೆ.